ಚಪ್ಪಾಳೆ ಬೇಡ ಎಂದಿದ್ದಳು ಅಕ್ಕ

ನನ್ನ ಅಕ್ಕನ ಗಂಡನದು ಕಂಚಿನ ಕಂಠ. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ಎದ್ದು ತಂದುಕೊಡಬೇಕು, ಅಂಥ ದನಿ. ಊರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೈಕಿನ ಕೆಲಸ ಅವರದು. ಮೈಕಿನ ಆ ಗೂಡಿನಂಥ ಕೋಣೆಯಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತು ಸ್ಕೋರ್‌ಬೋರ್ಡ್ ನೋಡಿಕೊಳ್ಳುವುದು ನನ್ನದು. ಪಂದ್ಯಕ್ಕೆ ಮೊದಲು ಭಾವ ಒಬ್ಬೊಬ್ಬ ಆಟಗಾರನ ಹೆಸರು ಕೂಗುತ್ತಿದ್ದರು. ಹೆಸರಿನ ಮೊದಲರ್ಧ ತಗ್ಗಿಸಿ, ಕೊನೆಯ ಅಕ್ಷರವನ್ನು ಉಸಿರು ಮುಗಿಯುವವರೆಗೆ ಎಳೆದು ಏರಿಸುವುದು ಅವರ ವರಸೆ. ಆ ಎಳೆತ ಮುಗಿಯುವಷ್ಟರಲ್ಲಿ ಆಟಗಾರ ಗೇಟಿನಿಂದ ಓಡಿ ಬರಬೇಕು, ಜನ ಹೋ ಎಂದು ಏಳಬೇಕು. ವರ್ಷಗಟ್ಟಲೆ ಹೀಗೆ ಕೂಗಿ ಕೂಗಿ ಭಾವ ಇಡೀ ಊರನ್ನೇ ಪಳಗಿಸಿಬಿಟ್ಟಿದ್ದರು.

ಯುದ್ಧ ಶುರುವಾಗುವ ಮೊದಲೇ ನಮ್ಮ ಮೈದಾನಕ್ಕೆ ಸೈನ್ಯ ಬಂದಿತ್ತು. ವಿರಾಮದಲ್ಲಿ ಬ್ಯಾಂಡು, ಗರಿಗರಿ ಸಮವಸ್ತ್ರ, ಹೊರಗೆ ಭರ್ತಿಯ ಮೇಜು. ಆಟಗಾರರ ಅಂಗಿಗೂ ಮಿಲಿಟರಿ ಬಣ್ಣ ಬಂತು. ಅಕ್ಕನ ಒಬ್ಬನೇ ಮಗ ಸೇರಿದ್ದು ಅದೇ ಮೇಜಿನಲ್ಲಿ. ಸಮವಸ್ತ್ರದವರಿಗೆ ಬೀಳುವ ಚಪ್ಪಾಳೆ ಅವನ ತಲೆಗೇರಿತ್ತು. ಭಾವ ಹಿಗ್ಗಿ ಹೀರೇಕಾಯಿಯಾದರು. ಅಕ್ಕ ಬೇಡವೆಂದು ಅತ್ತದ್ದು ಯಾರ ಕಿವಿಗೂ ಬೀಳಲಿಲ್ಲ.

ಯುದ್ಧ ಹತ್ತಿದಾಗ ಆಡಳಿತದವರು ನನ್ನ ಬೋರ್ಡಿನಲ್ಲಿ ಅದಕ್ಕೂ ಒಂದು ಸಾಲು ಬಿಡಿಸಿದರು: ನಮ್ಮವರು ಹಿಡಿದ ಠಾಣೆಗಳು. ಸಂಖ್ಯೆ ಏರಿದರೆ ಗೋಲು ಬಿದ್ದಷ್ಟೇ ಗದ್ದಲ. ನನಗೆ ಮೈ ಉರಿಯುತ್ತಿತ್ತು. ಅಂಗಡಿಯಲ್ಲಿ ಅಕ್ಕನನ್ನು ಕಂಡರೆ, ಅಲ್ಲಿ ಆಟ ಹೇಗೆ ನಡೀತಿದೆ ಎಂದು ಕೇಳುವ ಜನ! ಅವಳು ಚೀಲ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಭಾವ ಮಾತ್ರ ಪ್ರತಿ ಠಾಣೆಯನ್ನೂ ಮನಸಾರೆ ಕೂಗುತ್ತಿದ್ದರು. ಹಾಗೆ ಕೂಗಿದ ಒಂದು ಠಾಣೆಯಲ್ಲೇ ಮಗ ಸತ್ತು ಬಿದ್ದಿದ್ದ. ಸುದ್ದಿ ತಡವಾಗಿ ಬಂತು. ಆ ಠಾಣೆಗೆ ಜನ ಎದ್ದು ಕುಣಿದದ್ದು ಭಾವನಿಗೂ ನನಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಅದನ್ನು ಅಕ್ಕನಿಗೆ ಹೇಳಲಿಲ್ಲ.

ಮುಂದಿನ ಪಂದ್ಯಕ್ಕೆ ಮೊದಲು ಒಂದು ನಿಮಿಷದ ಮೌನವೆಂದು ತೀರ್ಮಾನವಾಯಿತು. ಕರೆಯಲು ಬಂದ ಕ್ರೀಡಾಂಗಣದ ಮ್ಯಾನೇಜರಿಗೆ ಅಕ್ಕ ಬರುತ್ತೇನೆ ಎಂದಳು. ಅವರು ಹೋದ ಮೇಲೆ ಪಾತ್ರೆ ಒರೆಸುತ್ತ ಭಾವನಿಗೆ ಒಂದೇ ಮಾತು ಹೇಳಿದಳು.

"ರೀ, ಯಾರೂ ಚಪ್ಪಾಳೆ ಹೊಡೀಬಾರ್ದು. ಒಂದು ನಿಮಿಷ ಆ ಜನ ಬಾಯಿ ಮುಚ್ಕೊಂಡು ನಿಂತ್ರೆ ಸಾಕು ನಂಗೆ. ಅವನು ಸತ್ತಿದ್ದಾನೆ ಅಂತ ಅವರಿಗೆ ಗೊತ್ತಾಗ್ಲಿ."

ಭಾವ ಮಾತು ಕೊಟ್ಟರು. ಮೌನದ ಪ್ರಕಟಣೆಯನ್ನು ಬೇರೆ ಯಾರಾದರೂ ಓದಲಿ ಎಂದು ನಾನು ಅಂದೆ, ಮ್ಯಾನೇಜರೂ ಅಂದರು. ನನ್ನ ಮಗನ ಹೆಸರು ನಾನೇ ಹೇಳುತ್ತೇನೆಂದು ಭಾವ ಹಟ ಹಿಡಿದರು.

ಆ ದಿನ ಅಕ್ಕ ಮುಂದಿನ ಸಾಲಿನಲ್ಲಿ ನಿಂತಿದ್ದಳು. ನಾನು ಬೋರ್ಡಿನ ದೀಪ ಆರಿಸಿದೆ. ಮೊದಲ ಮಾತುಗಳನ್ನು ಭಾವ ಚೆನ್ನಾಗಿಯೇ ಹೇಳಿದರು, ಮೆಲ್ಲಗೆ, ಎಲ್ಲೂ ತೊದಲದೆ. ಇಡೀ ಮೈದಾನ ತಲೆ ತಗ್ಗಿಸಿತ್ತು. ಆಮೇಲೆ ಹೆಸರು ಬಂತು. ಮಗನ ಹೆಸರೆಂದೋ ಏನೋ, ಮೊದಲರ್ಧ ತಗ್ಗಿತು. ಅಷ್ಟೇ ಸಾಕಾಯಿತು, ಪಳಗಿದ ನಾಲಿಗೆ ಉಳಿದದ್ದನ್ನು ತಾನೇ ಎತ್ತಿಕೊಂಡಿತು. ಕೊನೆಯ ಅಕ್ಷರ ಏರಿತು, ಏರುತ್ತಲೇ ಹೋಯಿತು. ಭಾವ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದರು. ನಿಲ್ಲಿಸಲು ಅವರ ಕೈಲಾಗಲಿಲ್ಲ. ನಾನು ಮೈಕ್ ಆರಿಸುವಷ್ಟರಲ್ಲಿ ಜನ ತಲೆ ಎತ್ತಿಯಾಗಿತ್ತು. ಹೋ ಎಂದರು, ಸಿಳ್ಳೆ ಹಾಕಿದರು, ಡೋಲು ಬಡಿದರು. ಅಳುತ್ತಲೇ ಚಪ್ಪಾಳೆ ತಟ್ಟಿದವರೂ ಇದ್ದರು, ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸದ್ದು ಅಡಗುವ ಮೊದಲೇ ರೆಫರಿ ಸೀಟಿ ಊದಿದ. ಮೌನದ ಹೊತ್ತು ಮುಗಿದಿತ್ತು.

ಮೂವರೂ ಮನೆಗೆ ಬಂದೆವು. ಬಾಗಿಲು ತೆಗೆಯುವಾಗ ಭಾವನ ಕೈಯಿಂದ ಬೀಗದಕೈ ಜಾರಿತು. ಅಕ್ಕ ಅದನ್ನು ಎತ್ತಿಕೊಂಡು ತಾನೇ ಬಾಗಿಲು ತೆಗೆದಳು. ತಪ್ಪಾಯಿತು ಎನ್ನಲು ಹೊರಟ ಭಾವನನ್ನು ತಡೆದಳು. ಬೈಯುತ್ತಾಳೆಂದೇ ನಾನು ಕಾದಿದ್ದೆ. ಬೈದಿದ್ದರೆ ಎಷ್ಟೋ ಮೇಲಿತ್ತು.

"ಆ ಜನರ ಮೇಲೆ ನಂಗೆ ಸಿಟ್ಟಿಲ್ಲ ಕಣ್ರೀ," ಎಂದಳು. "ನೀವು ಹಾಗೆ ಕೂಗಿದ್ರೆ ಯಾರಾದ್ರೂ ಓಡಿ ಬರ್ಲೇಬೇಕಲ್ಲ. ನಾನೂ ಗೇಟಿನ ಕಡೆ ತಿರುಗಿ ನೋಡ್ಬಿಟ್ಟೆ."