ಕೆನ್ನೆಗೊತ್ತಿದ ಕಂಬಿ

ಚಳಿಗಾಲದ ಈ ತಿಂಗಳ ಬೆಳಗಿನಲ್ಲಿ ನೆಲ ಮಂಜುಗಟ್ಟಿ, ಹೆಜ್ಜೆಯಿಟ್ಟರೆ ಕರಕರ ಅನ್ನಬೇಕಿತ್ತು. ಇವತ್ತು ಸೋನೆ ಹಿಡಿದಿದೆ. ಗಾಳಿ ಬಾಣಂತಿ ಕೋಣೆಯ ಹಾಗೆ ಬೆಚ್ಚಗಿದೆ.

ಬೀದಿಯ ಕೊನೆಯ ಮೇವಿನ ಮನೆಯಲ್ಲಿ ಆಗಲೇ ದೀಪ ಹತ್ತಿದೆ. ಐವತ್ತೆಂಟರ ಹೆಂಗಸೊಬ್ಬರು ಉದ್ದನೆಯ ಕಬ್ಬಿಣದ ಕಂಬಿಯನ್ನು ಬಕೆಟ್ಟಿನ ತಣ್ಣೀರಿನಲ್ಲಿ ಅದ್ದಿ, ಒರೆಸಿ, ಒಣಹುಲ್ಲಿನ ಬಣವೆಯ ಹೊಟ್ಟೆಗೆ ಚುಚ್ಚುತ್ತಾರೆ. ಕಣ್ಣು ಮುಚ್ಚಿ ಒಂದು ಪ್ರಾರ್ಥನೆ ಮುಗಿಸುವಷ್ಟು ಹೊತ್ತು ಬಿಟ್ಟು, ಎಳೆದು, ಕೆನ್ನೆಗೆ ಒತ್ತಿಕೊಳ್ಳುತ್ತಾರೆ, ಮಗುವಿನ ಜ್ವರ ನೋಡುವ ತಾಯಿಯಂತೆ. ಅದಕ್ಕೇ ಬೀದಿಗೆಲ್ಲ ಇವರು ಕಂಬಿ ಚಿಕ್ಕಮ್ಮ.

"ಒಳಗೆ ತೇವ ಇದ್ರೆ ಹುಲ್ಲು ಕಾಯುತ್ತೆ. ಕಾದ ಹುಲ್ಲಿಗೆ ಬೂಷ್ಟು ಬಂತು ಅಂತಾನೇ ಲೆಕ್ಕ. ಕಣ್ಣು ಮೋಸ ಹೋಗುತ್ತೆ, ಕೆನ್ನೆ ಹೋಗಲ್ಲ."

ಹನ್ನೊಂದು ಮನೆಗಳ ಮೂವತ್ತನಾಲ್ಕು ದನಗಳಿಗೆ ಚಳಿಗಾಲದ ಮೇವು ಇಲ್ಲಿಂದಲೇ. ದನಕ್ಕೆ ಬೆಳಗ್ಗೆ ಒಂದು, ಸಂಜೆ ಒಂದು ಹೊರೆಯಂತೆ ದಿನಕ್ಕೆ ಅರವತ್ತೆಂಟು ಹೊರೆ ಇವರ ತೋಳಿನ ಮೇಲೆ, ಇಪ್ಪತ್ತಾರು ವರ್ಷದಿಂದ. ಮೊದಲೆಲ್ಲ ಕೊಯ್ದ ಹುಲ್ಲು ನಾಲ್ಕು ಬಿಸಿಲಿಗೆ ಗಲಗಲ ಅನ್ನುತ್ತಿತ್ತು. ಈಗ ಕೊಯ್ಲಿಗೇ ಮಳೆ, ಚಳಿಯಲ್ಲೂ ಸೆಕೆ.

"ಹುಲ್ಲು ಕೊಡೋದು ದೇವರು, ಒಣಗಿಸೋದು ನಮ್ಮ ಪಾಲು. ಈಗೀಗ ನಮ್ಮ ಪಾಲಿಗೂ ಅವನೇ ನೀರು ಹುಯ್ತಾನೆ," ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ.

ಹೋದ ಚಳಿಗಾಲ ಕಂಬಿಯನ್ನು ಬಿಸಿಲಿಗೆ ಒರಗಿಸಿಟ್ಟು ಮರೆತಿದ್ದರು. ಬಣವೆಯಿಂದ ಎಳೆದಾಗ ಬೆಚ್ಚಗಿತ್ತು. ಬಿಸಿಲಿನ ಕಾವಿರಬೇಕು ಅಂದುಕೊಂಡರು. ಆ ಹುಲ್ಲು ತಿಂದು ಪಕ್ಕದ ಮನೆಯ ಹಾಲಿನವನ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಬೂಷ್ಟೇ ಕಾರಣ ಎಂದರು ದನದ ಡಾಕ್ಟರು.

"ಹಾಲಿನವನು ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಎರಡು ತುತ್ತು ಊಟನಾದ್ರೂ ಸೇರ್ತಿತ್ತು. ಅವನ ಕರುವಿನ ಋಣ ನನ್ನ ಮೇಲಿದೆ." ತಣ್ಣೀರಿನ ಬಕೆಟ್ಟು ಬಂದದ್ದು ಅಂದಿನಿಂದ.

ಇವತ್ತು ಮೂರನೇ ಬಣವೆಯಲ್ಲಿ ಕಂಬಿ ಬೆಚ್ಚಗೆ ಬರುತ್ತದೆ. ಚಿಕ್ಕಮ್ಮ ಒಂದೊಂದಾಗಿ ಒಂಬತ್ತು ಹೊರೆ ಎಳೆದು ತಿಪ್ಪೆಗೆ ಎಸೆಯುತ್ತಾರೆ. ಮೇವಿಗೆ ಬಂದ ಹಾಲಿನವನು ತಲೆ ಚಚ್ಚಿಕೊಳ್ಳುತ್ತಾನೆ.

"ಅಯ್ಯೋ ಚಿಕ್ಕಮ್ಮ, ಇನ್ನೂ ಎರಡು ತಿಂಗಳು ತಳ್ಳಬೇಕು! ಹಿಂಗೆ ಎಸೆದ್ರೆ ಕೊನೆಗೆ ಏನು, ನಿಮ್ಮ ಕಂಬಿ ಮೇಯಿಸೋದಾ?"

"ಇವತ್ತಿಂದ ಹೊರೆಗೆರಡು ಹಿಡಿ ಕಮ್ಮಿ ಕಟ್ತೀನಿ ಕಣೋ. ಹಸಿದ ಹಸುಗೆ ನಾಳೆ ಹಾಕಬಹುದು. ಸತ್ತ ಕರುಗೆ ಏನು ಹಾಕ್ತೀಯ?"

ಅವನು ತನ್ನ ಪಾಲಿನ ಹೊರೆ ಹೊತ್ತು ಹೊರಡುತ್ತಾನೆ.

ಅರವತ್ತೆಂಟರಲ್ಲಿ ಬೆಳಗಿನ ಪಾಲು ಮುಗಿದ ಮೇಲೆ ಚಿಕ್ಕಮ್ಮ ತಮ್ಮ ಹಿತ್ತಿಲಿಗೆ ಹೋಗುತ್ತಾರೆ. ಅವರಿಗಿರುವುದು ಒಂದೇ ಹಸು. ಅದರ ಹೆಣ್ಣು ಕರು ಮೊನ್ನೆ ತಾನೇ ಹಾಲು ಕುಡಿಯುವುದು ಬಿಟ್ಟು ಹುಲ್ಲಿಗೆ ಬಂದಿದೆ. ಆ ಕರುವನ್ನು ಹಗ್ಗ ಹಿಡಿದು ಹಾಲಿನವನ ಬಾಗಿಲಿಗೆ ತರುತ್ತಾರೆ.

"ಏನಿದು ಚಿಕ್ಕಮ್ಮ? ನಾನು ಕೇಳಿದ್ನಾ?"

"ಕೇಳಲಿಲ್ಲವಲ್ಲ, ಅದಕ್ಕೇ ತಂದೆ."

ಹಗ್ಗದ ತುದಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ನಾಲ್ಕನೇ ಬಣವೆ ನೋಡುವುದಿದೆ ಎಂದು ಸೋನೆಯಲ್ಲೇ ಹಿಂದಿರುಗುತ್ತಾರೆ.