ಕೈಯಲ್ಲಿ ತಿರುಗಿಸುವ ಚಾರ್ಜರು

ಅರವತ್ತು ಡಾಲರ್ ಹೇಳಿದ್ದನ್ನು ನಲವತ್ತಕ್ಕೆ ಇಳಿಸಿ ತಂದಿದ್ದೆ. ಮೊಬೈಲಿಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಚಾರ್ಜ್ ಆಗುವ ಪುಟ್ಟ ಡಬ್ಬಿ. ಆ ವರ್ಷ, 2001ರಲ್ಲಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು. ನಾನಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿತ್ತು. ಬೇರೆ ಕೆಲಸ ಬೇಗ ಸಿಗದಿದ್ದರೆ ವೀಸಾ ಹೋಗಿ ಗಂಟುಮೂಟೆ ಕಟ್ಟಬೇಕಿತ್ತು. ಅಂಥ ಹೊತ್ತಿನಲ್ಲಿ ಫೋನು ಸಾಯಬಾರದು, ಅದಕ್ಕೇ ಕೊಂಡದ್ದು.

ಅಲ್ಲೇ ಹತ್ತಿರದ ನೆವಾರ್ಕಿನ ಅಂಗಡಿಯವನು ತನ್ನ ಫೋನಿಗೇ ಸಿಕ್ಕಿಸಿ ತಿರುಗಿಸಿ ತೋರಿಸಿದ್ದ. ದೀಪ ಹತ್ತಿತು. ಮೂರು ನಿಮಿಷ ತಿರುಗಿಸಿದರೆ ಅರ್ಧ ಗಂಟೆ ಮಾತಾಡಬಹುದು ಎಂದ. ಅವನ ಬ್ಯಾಟರಿ ಮೊದಲೇ ತುಂಬಿತ್ತು, ಕಳ್ಳ. ನಾನು ಬೆಲೆ ಇಳಿಸಿದಾಗ ಮುಖ ಸಣ್ಣ ಮಾಡಿಕೊಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರೆಡ್‌ವುಡ್ ಸಿಟಿಯ ಕಂಪನಿಯೊಂದು ಫೋನಿನಲ್ಲಿ ಇಂಟರ್‌ವ್ಯೂ ಇಟ್ಟುಕೊಂಡ ಮಧ್ಯಾಹ್ನವೇ ನಮ್ಮ ಬೀದಿಯ ಸರದಿ ಬಂತು. ಮನೆಯ ಕಾರ್ಡ್‌ಲೆಸ್ ಫೋನು ಕರೆಂಟಿನ ಜೊತೆಗೇ ಸತ್ತಿತು. ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡೋಣವೆಂದರೆ ಅದು ಮೆಕ್ಯಾನಿಕ್ ಬಳಿ ಇತ್ತು. ಮೊಬೈಲಿನ ಬ್ಯಾಟರಿಯನ್ನು ಬೆಳಗ್ಗೆ ಕೆಲಸ ಕೊಡಿಸುವ ಏಜೆಂಟರ ಜೊತೆ ಮಾತಾಡಿಯೇ ಮುಗಿಸಿದ್ದೆ, ಒಂದು ಗೆರೆ ಉಳಿದಿತ್ತು. ಅವರು ಮನೆಯ ಫೋನಿಗೆ ಮಾಡಲಿದ್ದ ಕರೆಯನ್ನು ಮೊಬೈಲಿನಿಂದ ನಾನೇ ಮಾಡಿದೆ. ಹೆಂಡತಿ ಪಕ್ಕದಲ್ಲಿ ಕೂತು ಹಿಡಿ ತಿರುಗಿಸತೊಡಗಿದಳು.

ಆ ಡಬ್ಬಿಯ ಗರಗರ ಸದ್ದಿಗೆ ಆ ಕಡೆಯವರು ಅಲ್ಲಿ ಏನು ಮೆಷಿನ್ ಓಡುತ್ತಿದೆ ಎಂದು ಎರಡು ಸಲ ಕೇಳಿದರು. ಹೊರಗೆ ಹುಲ್ಲು ಕತ್ತರಿಸುತ್ತಿದ್ದಾರೆ ಎಂದೆ. ಡೇಟಾಬೇಸಿನ ಪ್ರಶ್ನೆಯೊಂದಕ್ಕೆ ಉತ್ತರ ಅರ್ಧ ಆಗಿತ್ತು.

“ಬೇಗ ಮುಗ್ಸಿ ರೀ, ತೋಳು ಬಿದ್ದೋಗ್ತಿದೆ,” ಎಂದು ಅವಳು ಪಿಸುಗುಟ್ಟಿದಳು.

ಫೋನಿಗೆ ಕೈ ಅಡ್ಡ ಹಿಡಿದು, “ಇನ್ನೊಂಚೂರು ಕಣೇ,” ಎಂದೆ.

“ಇಷ್ಟು ತಿರುಗ್ಸಿದ್ರೆ ಒಂದು ಡಬ್ಬ ಚಕ್ಕುಲಿನಾದ್ರೂ ಒತ್ತಿರ್ತಿದ್ದೆ.”

ಅಷ್ಟರಲ್ಲಿ ಫೋನು ಆರಿತು. ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಆಗಲೇ ಫೋನು ರಿಂಗಾಗುತ್ತಿತ್ತು! ಹಾಸನದಿಂದ ಬಂದಿದ್ದ ಆ ಮನೆಯವರದು ಹಳೆಯ ತಂತಿಯ ಫೋನು. ಅದಕ್ಕೆ ಬೇಕಾದ ಕರೆಂಟು ಫೋನ್ ಲೈನಿನಲ್ಲೇ ಬರುತ್ತದೆ. ಅಂಥದ್ದೊಂದನ್ನು ನಾವು ಹಳೇಕಾಲದ್ದೆಂದು ಎಸೆದಿದ್ದೆವು. ಓಡಿಹೋಗಿ ಅವರ ಮನೆಯಿಂದ ಮತ್ತೆ ಕರೆ ಮಾಡಿದೆ. ಕಂಪನಿಯವರು ಎತ್ತಲಿಲ್ಲ. ಆ ಕೆಲಸ ಬೇರೆಯವನಿಗೆ ಹೋಯಿತು. ಕೊನೆಗೆ ಸ್ಯಾನ್ ರಮೋನಿನಲ್ಲಿ, ಎಷ್ಟು ಗುದ್ದಾಡಿದರೂ ಸಂಬಳ ಏರಿಸದ ಒಬ್ಬನ ಕೈಕೆಳಗೆ ಸೇರಿ ವೀಸಾ ಉಳಿಸಿಕೊಂಡೆ. ಚಾರ್ಜರ್ ವಾಪಸ್ ಕೊಡಲು ಹೋದರೆ ಅಂಗಡಿಯವನು, ಪ್ಯಾಕ್ ಒಡೆದ ಮೇಲೆ ತಗೊಳ್ಳುವುದಿಲ್ಲ, ನಿಮ್ಮವರು ಸರಿಯಾಗಿ ತಿರುಗಿಸಿಲ್ಲ ಎಂದ. ನನ್ನ ಹೆಂಡತಿಯ ತೋಳು ವಾರವಿಡೀ ಎತ್ತಲಾಗದೆ ಇತ್ತು.

ಮನೆಯಲ್ಲಿ ಒಂದು ತಂತಿಯ ಫೋನು ಇಟ್ಟುಕೊಳ್ಳಿ, ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಚಿಲ್ಲರೆಗೆ ಸಿಗುತ್ತದೆ. ತಿರುಗಿಸುವ ಚಾರ್ಜರೇ ಬೇಕೆಂದಿದ್ದರೆ ನಿಮ್ಮ ಸತ್ತ ಫೋನನ್ನೇ ಅಂಗಡಿಗೆ ಒಯ್ಯಿರಿ. ಮಾರುವವನಿಗೇ ತಿರುಗಿಸಲು ಹೇಳಿ. ಆ ಫೋನಿನಿಂದ ಒಂದು ಕರೆ ಮಾಡಿ, ಮಾತು ಪೂರ್ತಿ ಮುಗಿಯುವ ತನಕ ಬೆಲೆಯ ಮಾತೇ ಎತ್ತಬೇಡಿ.