ಬೂತಿನ ಆಪಾ ಹೆಸರಿನಲ್ಲಿ ಇನ್ನೊಂದು ಸಿಮ್

ಆರ್.ಟಿ. ನಗರದ ಹಳಬರಿಗೆ ಫಖ್ರುನ್ನೀಸಾ ಅಂದರೆ ಇವತ್ತಿಗೂ ಎಸ್‌ಟಿಡಿ ಬೂತಿನ ಆಪಾ. ಗಂಡ ತೀರಿಕೊಂಡ ಮೇಲೆ ಮನೆಯ ಮುಂಗೋಣೆಯಲ್ಲಿ ಬೂತ್ ಇಟ್ಟು, ಅದರಿಂದಲೇ ತಂಗಿ ಅಕ್ಬರಿಯ ಮದುವೆ ಮಾಡಿದವರು. ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ಯಾರಾದರೂ ಮಾತು ಶುರು ಮಾಡಿದರೆ ಆಪಾ ರೇಡಿಯೊ ಜೋರು ಮಾಡಿ ರಸ್ತೆಯ ಕಡೆ ತಿರುಗಿ ಕೂರುತ್ತಿದ್ದರು.

ಹಾಸ್ಟೆಲಿನಲ್ಲಿದ್ದ ನರ್ಸ್ ಶಾಂತಲಾ ಸಂಜೆ ಹೊತ್ತು ಬಂದು ತಾನು ಮೆಚ್ಚಿದವನ ಜೊತೆ ಮಾತಾಡುತ್ತಿದ್ದಳು. ಒಮ್ಮೆ ಅವಳ ಅಣ್ಣ ಬಂದು, "ಇವ್ಳು ಯಾರಿಗ್ರೀ ಫೋನ್ ಮಾಡ್ತಾಳೆ?" ಎಂದು ಗದರಿದ.

"ಲೈನ್ ಕೊಡೋದಷ್ಟೇ ನನ್ ಕೆಲ್ಸ ಕಣಪ್ಪಾ. ಕೇಳಿಸ್ಕೊಳ್ಳೋದಲ್ಲ," ಎಂದರು ಆಪಾ. ಶಾಂತಲಾ ತಾನು ಮೆಚ್ಚಿದವನನ್ನೇ ಮದುವೆಯಾಗಿ ಪಕ್ಕದ ಬೀದಿಯಲ್ಲೇ ಮನೆ ಮಾಡಿದಳು.

ಎಲ್ಲರ ಕೈಗೂ ಮೊಬೈಲ್ ಬಂದು ಬೂತ್ ಮುಚ್ಚಿತು. ಕಳೆದ ವರ್ಷ ಪೊಲೀಸರು ಆಪಾ ಮನೆ ಹುಡುಕಿಕೊಂಡು ಬಂದರು. ಅವರ ಹೆಸರಿನ ಸಿಮ್‌ನಿಂದ ಯಾರೋ ಕರೆ ಮಾಡಿ ಹೆಸರಘಟ್ಟದ ವೃದ್ಧರೊಬ್ಬರಿಗೆ ಮೋಸ ಮಾಡಿದ್ದರು.

"ನನ್ ಹತ್ರ ಇರೋದು ಒಂದೇ ನಂಬರ್ ಸಾರ್," ಎಂದರೂ ಸ್ಟೇಷನ್ನಿಗೆ ಹೋಗಲೇಬೇಕಾಯಿತು. ಶಾಂತಲಾ ಜೊತೆಗೆ ಬಂದಳು.

"ಎಲ್ಲಾದ್ರೂ ಬೆರಳು ಒತ್ತಿದ್ರಾ ಅಮ್ಮಾ?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದಾಗ ನೆನಪಾಯಿತು. ಆಪಾ ಸಿಮ್ ಕೊಳ್ಳಲು ಹೋದಾಗ, ರಸ್ತೆ ಬದಿ ಕೊಡೆ ಹಾಕಿಕೊಂಡು ಸಿಮ್ ಮಾರುವವನು ಬೆರಳಚ್ಚಿನ ಯಂತ್ರ ಮುಂದಿಟ್ಟು, "ಸರಿಯಾಗಿ ಬರ್ಲಿಲ್ಲ, ಇನ್ನೊಂದ್ ಸಲ ಒತ್ತಿ," ಎಂದಿದ್ದ. ಆ ಎರಡನೇ ಒತ್ತಿನಲ್ಲೇ ಇನ್ನೊಂದು ಸಿಮ್ ಹುಟ್ಟಿತ್ತು.

ತನಿಖೆಗೆಂದು ಪೊಲೀಸರು ಆಪಾ ಫೋನನ್ನು ಇಟ್ಟುಕೊಂಡರು. ಅದರಲ್ಲಿ ಅಕ್ಬರಿಗೆ ಕಳಿಸಿದ ವಾಯ್ಸ್ ಮೆಸೇಜುಗಳಿದ್ದವು: ಮಂಡಿ ನೋವು, ನೆಂಟರ ಜಗಳ, ಸತ್ತ ಗಂಡನನ್ನು ನೆನೆದು ಅತ್ತದ್ದು.

"ಅದನ್ನೆಲ್ಲಾ ಕೇಳ್ತಾರೇನಮ್ಮಾ?"

"ಗೊತ್ತಿಲ್ಲ ಆಪಾ," ಎಂದಳು ಶಾಂತಲಾ.

ಕೊಡೆಯವನು ಸಿಕ್ಕಿಬಿದ್ದ. ಆಪಾ ತಪ್ಪಿಲ್ಲವೆಂದಾಯಿತು, ಆ ಸಿಮ್ ಬಂದ್ ಆಯಿತು, ಫೋನೂ ವಾಪಸ್ ಬಂತು. ಆ ಮೆಸೇಜುಗಳನ್ನು ಯಾರಾದರೂ ಕೇಳಿದರೋ ಇಲ್ಲವೋ ಎಂದು ಮಾತ್ರ ಯಾರೂ ಹೇಳಲಿಲ್ಲ. ಆಮೇಲೆ ಆಪಾ ಫೋನಿನಲ್ಲಿ "ಊಟ ಆಯ್ತಾ, ನೀರು ಬಂತಾ" ಎನ್ನುವುದರಾಚೆಗೆ ಬಾಯಿ ಬಿಡುತ್ತಿರಲಿಲ್ಲ. ತಂಗಿ ಏನಾದರೂ ಕೆದಕಿದರೆ, "ಬಾ, ಇಲ್ಲಿಗೇ ಬಾ," ಎನ್ನುತ್ತಿದ್ದರು.

ಕೊನೆಗೆ ಅಕ್ಬರಿ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಬಂದಳು. ಅಕ್ಕ ತಂಗಿ ತಾರಸಿಯಲ್ಲಿ ಚಾಪೆ ಹಾಸಿ, ಅವರೆಕಾಯಿ ಸುಲಿಯುತ್ತಾ ಕತ್ತಲಾಗುವವರೆಗೆ ಮಾತಾಡಿದರು.